ಅದ್ಭುತ ಕಥೆಯ ಚಿತ್ರವೂ ಘಟ್ಟದ ತಪ್ಪಲಿನ ಕಾಡೂ

ಮಂಗಳೂರಿನಿಂದ ಹಾಸನದ ಕಡೆಗೆ ಹೋಗುವ ರೈಲು ನೆಟ್ಟಣದಲ್ಲಿ ನಿಲ್ಲುತ್ತದೆ. ಫಲಕದ ಮೇಲೆ ‘ಸುಬ್ರಹ್ಮಣ್ಯ ರೋಡ್’ ಎಂದು ಬರೆದಿದ್ದರೂ ಊರವರಿಗೆ ಅದು ನೆಟ್ಟಣವೇ. ಅಲ್ಲಿಂದ ಮುಂದೆ ಘಟ್ಟದ ಏರು. ಸಕಲೇಶಪುರದ ವರೆಗಿನ ಸುಮಾರು 55 ಕಿಲೋಮೀಟರುಗಳ ದಾರಿಯಲ್ಲಿ 57 ಸುರಂಗಗಳಿವೆ. ಕಿಟಕಿಯ ಬಳಿಯಲ್ಲಿ ಕುಳಿತ ಮಗುವಿಗೆ ಒಮ್ಮೆ ಕಗ್ಗತ್ತಲೆ, ಮರುಕ್ಷಣದಲ್ಲಿ ಕಾಡು. ಮತ್ತೆ ಕತ್ತಲೆ, ಮತ್ತೆ ಕಾಡು. ಕಪ್ಪು ಹಾಳೆಗಳ ನಡುವೆ ಅಂಟಿಸಿದ ಬಣ್ಣದ ಚಿತ್ರಗಳಂತೆ ಒಂದೊಂದು ಸುರಂಗದ ಬಾಯಿಯಲ್ಲಿಯೂ ಒಂದೊಂದು ನೋಟ: ಬಂಡೆಯನ್ನು ಬೇರುಗಳಿಂದ ತಬ್ಬಿ ನಿಂತ ಗೋಳಿಮರ, ಮರದಿಂದ ಮರಕ್ಕೆ ಹಾವಿನಂತೆ ಹರಿದುಹೋದ ಬಳ್ಳಿ, ಮಂಜಿನಲ್ಲಿ ಅರ್ಧ ಮುಳುಗಿದ ಕಣಿವೆ. ಅದ್ಭುತ ಕಥೆಗಳಿಗೆ ಇದಕ್ಕಿಂತ ತಕ್ಕ ರಂಗಸ್ಥಳ ಬೇರೆ ಬೇಕಾಗಿಲ್ಲ. ಆದರೆ ಪುತ್ತೂರು, ಸುಳ್ಯ, ಕಡಬದ ಸೀಮೆಯ ಮಕ್ಕಳು ಈ ಕಾಡನ್ನು ಪುಸ್ತಕದ ಪುಟದಲ್ಲಿ ಕಾಣುವುದು ಅಪರೂಪ. ಅವರು ಪುಸ್ತಕದಲ್ಲಿ ಕಾಣುವುದು ಓಕ್ ಮರಗಳ ಕಾಡು. ಅದರ ನೆಲದಲ್ಲಿ ಬಿಳಿಯ ಚುಕ್ಕೆಗಳುಳ್ಳ ಕೆಂಪು ಅಣಬೆ. ಆ ಅಣಬೆಯ ಕೆಳಗೆ ಮೊನಚು ಟೊಪ್ಪಿಗೆಯ ಕುಳ್ಳ. ಇದು ಎಲ್ಲಿಂದ ಬಂದಿತು, ಇಲ್ಲಿಯದು ಏಕೆ ಬರಲಿಲ್ಲ ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆ.

ಬಂದದ್ದು ಎಲ್ಲಿಂದ ಎಂಬುದಕ್ಕೆ ಉತ್ತರ ಸುಲಭ. ಇಂಗ್ಲೆಂಡಿನ ಗ್ರಂಥಚಿತ್ರಗಳ ಸುವರ್ಣಯುಗವೆಂದು ಕರೆಯಲ್ಪಡುವ ಕಾಲವೊಂದುಂಟು. ಅದರ ಆದಿಯನ್ನು ಕೆಲವರು ಹತ್ತೊಂಬತ್ತನೆಯ ಶತಮಾನದೊಳಕ್ಕೆ ಎಳೆದುಕೊಂಡು ಹೋಗುತ್ತಾರೆ. ಆದರೆ ಅದರ ಮಧ್ಯಾಹ್ನವು 1905ರಿಂದ 1914ರ ವರೆಗಿನ ಹತ್ತು ವರ್ಷಗಳೇ. 1905ರಲ್ಲಿ ಆರ್ಥರ್ ರ್ಯಾಕಂ ಎಂಬವನು ‘ರಿಪ್ ವಾನ್ ವಿಂಕಲ್’ ಕಥೆಗೆ 51 ಬಣ್ಣದ ಚಿತ್ರಗಳನ್ನು ಬರೆದನು. ಹಿಂದಿನ ಕಾಲದಲ್ಲಿ ಚಿತ್ರವು ಕಥೆಯ ಬಾಲವಾಗಿತ್ತು; ಇಲ್ಲಿ ಕಥೆಯೇ ಚಿತ್ರದ ಬಾಲವಾಯಿತು. ಮರುವರ್ಷ ‘ಕೆನ್ಸಿಂಗ್ಟನ್ ಉದ್ಯಾನದಲ್ಲಿ ಪೀಟರ್ ಪ್ಯಾನ್’, 1907ರಲ್ಲಿ ‘ಆಲಿಸ್’, 1908ರಲ್ಲಿ ಷೇಕ್ಸ್‌ಪಿಯರನ ‘ಮಧ್ಯಗ್ರೀಷ್ಮ ರಾತ್ರಿಯ ಕನಸು’ ಹೊರಬಂದವು. ಕ್ರಿಸ್ಮಸ್ಸಿನ ವೇಳೆಗೆ ಇಂತಹ ದೊಡ್ಡ ಗಾತ್ರದ ಉಡುಗೊರೆ ಪುಸ್ತಕಗಳನ್ನು ಕೊಳ್ಳುವುದು ಅಲ್ಲಿಯ ಸ್ಥಿತಿವಂತರ ಮನೆಗಳಲ್ಲಿ ವಾಡಿಕೆಯಾಯಿತು.

ಈ ವೈಭವದ ಹಿಂದೆ ಒಂದು ಯಂತ್ರೋಪಾಯವಿತ್ತೆಂಬುದನ್ನು ಮರೆಯತಕ್ಕದ್ದಲ್ಲ. ಅದಕ್ಕೆ ಹಿಂದೆ ಬಣ್ಣದ ಚಿತ್ರವೆಂದರೆ ಮರದ ಅಚ್ಚು. ಕೇಟ್ ಗ್ರೀನ್‌ವೇ ಎಂಬಾಕೆ 1888ರಲ್ಲಿ ಬ್ರೌನಿಂಗ್ ಕವಿಯ ‘ಹ್ಯಾಮೆಲಿನ್ನಿನ ಕೊಳಲುಗಾರ’ನಿಗೆ ಬರೆದ ಚಿತ್ರಗಳು ಹಾಗೆ ಮರದಲ್ಲಿ ಕೊರೆದು ಅಚ್ಚಾದವು. ಚಿತ್ರಕಾರನ ಕೈಗೂ ಓದುಗನ ಕಣ್ಣಿಗೂ ನಡುವೆ ಕೊರೆಯುವವನ ಕೈಯೊಂದು ಇದ್ದೇ ಇರುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮೂರು ಬಣ್ಣದ ಬ್ಲಾಕುಗಳು ಹದಕ್ಕೆ ಬಂದವು. ಚಿತ್ರವನ್ನು ಬಣ್ಣದ ಗಾಜುಗಳ ಮೂಲಕ ಮೂರು ಸಲ ಛಾಯಾಗ್ರಹಣ ಮಾಡಿ, ಹಳದಿ, ಕೆಂಪು, ನೀಲಿಗಳನ್ನು ಒಂದರ ಮೇಲೊಂದು ಒತ್ತುವ ಕ್ರಮವಿದು. ಇದಕ್ಕೆ ನುಣುಪಾದ ಕಾಗದವೇ ಬೇಕು. ಅಕ್ಷರಗಳಿರುವ ಒರಟು ಕಾಗದ ಒಗ್ಗದು. ಆದುದರಿಂದ ಚಿತ್ರಗಳನ್ನು ಬೇರೆಯಾಗಿ ಅಚ್ಚುಹಾಕಿ, ದಪ್ಪ ಹಾಳೆಯ ಮೇಲೆ ಅಂಚಿನಲ್ಲಿ ಅಂಟಿಸಿ, ಮೇಲೆ ತೆಳುವಾದ ಹಾಳೆಯೊಂದನ್ನು ಪರದೆಯಂತೆ ಇಳಿಬಿಟ್ಟರು. ಮಗುವು ಆ ಪರದೆಯನ್ನು ಎತ್ತಿ ನೋಡಬೇಕು. ಅನಿವಾರ್ಯದಿಂದ ಹುಟ್ಟಿದ ಈ ಏರ್ಪಾಡೇ ಪುಸ್ತಕಕ್ಕೆ ಒಂದು ಪೂಜಾಮಂದಿರದ ಗಾಂಭೀರ್ಯವನ್ನು ತಂದುಕೊಟ್ಟಿತು.

ರ್ಯಾಕಂ ಈ ಯಂತ್ರದ ಗುಣದೋಷಗಳೆರಡನ್ನೂ ಬಲ್ಲವನಾಗಿದ್ದನು. ಮೂರು ಅಚ್ಚುಗಳು ಕೂದಲೆಳೆಯಷ್ಟು ಜರಗಿದರೂ ಚಿತ್ರ ಮಸಕಾಗುವುದು. ಅವನು ಮೊದಲು ಕಪ್ಪು ಮಸಿಯ ಗೆರೆಯಲ್ಲಿ ಚಿತ್ರವನ್ನೆಲ್ಲ ಕಟ್ಟಿ ನಿಲ್ಲಿಸಿ, ಅನಂತರ ಕಂದು, ಬೂದು, ಮಾಸಲು ಹಸುರುಗಳ ತೆಳುವಾದ ನೀರುಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದನು. ಬಣ್ಣವು ಕೈಕೊಟ್ಟರೂ ಗೆರೆಯು ಕೈಬಿಡುವಂತಿಲ್ಲ. 1867ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದುಕೊಂಡು ಸಂಜೆಯ ಶಾಲೆಯಲ್ಲಿ ಚಿತ್ರ ಕಲಿತವನು ಈತ. ಲೆಕ್ಕದ ಪುಸ್ತಕದ ಶಿಸ್ತು ಗೆರೆಯಲ್ಲಿ ಉಳಿದಿದೆಯೆಂದರೆ ಅತಿಶಯೋಕ್ತಿಯಾಗದು.

ಅವನ ಯಕ್ಷಕನ್ನಿಕೆಯರು ಅಷ್ಟೇನೂ ದೊಡ್ಡ ಸೃಷ್ಟಿಯಲ್ಲ. ಅವರ ಚೆಲುವಿನಲ್ಲಿ ಸಕ್ಕರೆಯ ಅಂಶ ಹೆಚ್ಚು. ಅವನ ನಿಜವಾದ ನಾಯಕರು ಮರಗಳು. ಗಂಟುಗಟ್ಟಿದ ಬೊಡ್ಡೆ, ಸೆಟೆದ ಬೆರಳುಗಳಂತಹ ಕೊಂಬೆ, ನೆಲವನ್ನು ಹಿಡಿದ ಮುದುಕಿಯ ಕೈಯಂತಹ ಬೇರು: ನೋಡುತ್ತ ನೋಡುತ್ತ ತೊಗಟೆಯಲ್ಲೊಂದು ಮುಖ ಮೂಡುತ್ತದೆ, ಮೂಡಿತೋ, ನೋಡುವವನ ಭ್ರಮೆಯೋ ಎಂಬ ಸಂದೇಹವನ್ನು ಚಿತ್ರಕಾರನು ಬೇಕೆಂದೇ ಉಳಿಸುತ್ತಾನೆ. ಈ ಸಂದೇಹವೇ ಅದ್ಭುತ ರಸದ ಪ್ರಾಣ. ಮುಖವನ್ನು ಸ್ಪಷ್ಟವಾಗಿ ಬರೆದುಬಿಟ್ಟರೆ ಅದು ಮುಖವಾಡವಾಗುತ್ತದೆ. ಬರೆಯದೆ ಬಿಟ್ಟರೆ ಬರಿಯ ಮರವಾಗುತ್ತದೆ. ಎರಡರ ನಡುವಿನ ಆ ಕೂದಲಗಲದ ಜಾಗದಲ್ಲಿ ನಿಲ್ಲಬಲ್ಲವನು ಮರವನ್ನು ಮರವಾಗಿ ಮೊದಲು ಬಲ್ಲವನಾಗಿರಬೇಕು. ಕಾಣದ್ದನ್ನು ಕಂಡದ್ದರ ಮೈಯಲ್ಲಿಟ್ಟು ತೋರಿಸುವುದೇ ಈ ಕಲೆ. ಪೀಟರ್ ಪ್ಯಾನನ ಚಿತ್ರಗಳಲ್ಲಿ ಯಕ್ಷರು ಓಡಾಡುವುದು ಲಂಡನ್ನಿನ ಮಕ್ಕಳು ದಾದಿಯರ ಕೈಹಿಡಿದು ದಿನವೂ ತಿರುಗಾಡುತ್ತಿದ್ದ ಉದ್ಯಾನದ ಬೇಲಿ, ಕೊಳ, ಕಾಲುದಾರಿಗಳಲ್ಲಿ. ಮರುದಿನ ಅದೇ ದಾರಿಯಲ್ಲಿ ನಡೆಯುವ ಮಗು ಬೇರುಗಳ ಸಂದಿಯನ್ನು ಬಗ್ಗಿ ನೋಡದೆ ಇರಲಾರದು.

ಅವನ ಸಮಕಾಲೀನರಲ್ಲಿ ಎಡ್ಮಂಡ್ ಡುಲಾಕ್ ಬೇರೆಯ ದಾರಿಯವನು. ಫ್ರಾನ್ಸಿನ ತುಲೂಸಿನಲ್ಲಿ 1882ರಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಈತನು 1907ರಲ್ಲಿ ಅರೇಬಿಯನ್ ಇರುಳುಗಳ ಕಥೆಗಳಿಗೆ 50 ಚಿತ್ರಗಳನ್ನು ಬರೆದನು. ಗೆರೆಯ ಹಂಗಿಲ್ಲದೆ ಬರಿಯ ಬಣ್ಣದಿಂದಲೇ, ಅದರಲ್ಲಿಯೂ ಇರುಳಿನ ನೀಲಿಯಿಂದಲೇ, ಆಕೃತಿಗಳನ್ನು ಎಬ್ಬಿಸುವುದು ಅವನ ವೈಶಿಷ್ಟ್ಯ. ಮುಂದೆ ಪಾರಸಿಯ ಕಿರುಚಿತ್ರಗಳ ಅಭ್ಯಾಸವು ಅವನ ಕೈಯನ್ನು ಇನ್ನಷ್ಟು ನಯಗೊಳಿಸಿತು. ಡೆನ್ಮಾರ್ಕಿನ ಕೈ ನೀಲ್ಸನ್ 1914ರಲ್ಲಿ ಉತ್ತರ ದೇಶದ ಕಥೆಗಳಿಗೆ ಬರೆದ ಚಿತ್ರಗಳು ಈ ಯುಗದ ಕೊನೆಯ ದೊಡ್ಡ ದೀಪ. ಅದೇ ವರ್ಷ ಯುದ್ಧವು ಆರಂಭವಾಯಿತು. ಅಂತಹ ಪುಸ್ತಕಗಳ ಸುಗ್ಗಿಯೂ ಅಲ್ಲಿಗೆ ಇಳಿಮುಖವಾಯಿತು. ರ್ಯಾಕಂ ಮಾತ್ರ 1939ರಲ್ಲಿ ತೀರಿಕೊಳ್ಳುವ ವರೆಗೂ ಬರೆಯುತ್ತಲೇ ಇದ್ದನು.

ಇನ್ನು ಈ ಚಿತ್ರಕಾರರು ಭಾರತದ ಕಥೆಗಳನ್ನು ಮುಟ್ಟಿದಾಗ ಏನಾಯಿತೆಂಬುದನ್ನು ನೋಡಬೇಕು. ಲಾಲ್ ಬಿಹಾರಿ ಡೇ ಅವರು ಸಂಗ್ರಹಿಸಿದ ಬಂಗಾಳದ ಜನಪದ ಕಥೆಗಳನ್ನು ಮ್ಯಾಕ್‌ಮಿಲನ್ ಕಂಪೆನಿಯವರು 1912ರಲ್ಲಿ ವಾರಿಕ್ ಗೋಬಲ್ ಎಂಬವನ 32 ಬಣ್ಣದ ಚಿತ್ರಗಳೊಡನೆ ಪ್ರಕಟಿಸಿದರು. (ಇದೇ ಗೋಬಲ್ 1897ರಲ್ಲಿ ಮಂಗಳಗ್ರಹದವರು ಭೂಮಿಗೆ ದಂಡೆತ್ತಿ ಬಂದ ವೆಲ್ಸ್‌ನ ಕಥೆಗೂ ಚಿತ್ರ ಬರೆದವನು, ಅವನಿಗೆ ಮಂಗಳಗ್ರಹವೂ ಬಂಗಾಳವೂ ಸರಿಸುಮಾರು ಒಂದೇ ದೂರದಲ್ಲಿದ್ದಿರಬೇಕು.) ಆ ಚಿತ್ರಗಳಲ್ಲಿ ಕುಶಲತೆಗೆ ಕೊರತೆಯಿಲ್ಲ. ಬಣ್ಣಗಳ ಮೇಳ ಇಂಪಾಗಿದೆ. ಸೀರೆಯ ನೆರಿಗೆ ಸೊಗಸಾಗಿದೆ. ಆದರೆ ರಾಜಕುಮಾರಿಯರು ಕೊಳದ ಬಳಿಯಲ್ಲಿ ನಿಂತಿರುವ ರೀತಿ ನಾಟಕದ ಪರದೆಯ ಮುಂದೆ ಭಾವಚಿತ್ರಕ್ಕೆ ನಿಂತಂತೆ. ಮರಗಳಿಗೆ ಎಲೆಗಳುಂಟು, ಹೆಸರಿಲ್ಲ. ರಕ್ಕಸಿಯನ್ನು ನೋಡಿದರೆ ಭಯವಾಗುವುದಿಲ್ಲ. ಅವಳು ಆ ಮರಗಳ ಸಂದಿಯಿಂದ ಹುಟ್ಟಿದವಳಲ್ಲ, ಸಾಮಾನಿನ ಪೆಟ್ಟಿಗೆಯಿಂದ ತೆಗೆದಿಟ್ಟವಳು.

ಗೋಬಲ್‌ನ ಆ ಪುಸ್ತಕದ ಮರುವರ್ಷವೇ, 1913ರಲ್ಲಿ, ಲಂಡನ್ನಿನ ಹ್ಯಾರಪ್ ಕಂಪೆನಿಯವರು ಇನ್ನೊಂದು ಗ್ರಂಥವನ್ನು ಹೊರತಂದರು: ಹಿಂದೂಗಳ ಮತ್ತು ಬೌದ್ಧರ ಪುರಾಣಕಥೆಗಳು. ಕನ್ನಡದ ಓದುಗರು ಮುಖ್ಯವಾಗಿ ಗಮನಿಸಬೇಕಾದ ಗ್ರಂಥವಿದು. ಇದನ್ನು ಬರೆಯತೊಡಗಿದವರು ಐರ್ಲೆಂಡಿನಲ್ಲಿ ಹುಟ್ಟಿದ ಸೋದರಿ ನಿವೇದಿತಾ. 1911ರಲ್ಲಿ ಅವರು ತೀರಿಕೊಂಡ ಮೇಲೆ ಪೂರ್ತಿಗೊಳಿಸಿದವರು ಸಿಂಹಳದ ಆನಂದ ಕುಮಾರಸ್ವಾಮಿ. ಅವನೀಂದ್ರನಾಥ ಠಾಕೂರರ ಮೇಲ್ವಿಚಾರಣೆಯಲ್ಲಿ ಅವರೂ ಅವರ ಶಿಷ್ಯವರ್ಗದವರೂ ಬರೆದ 32 ಬಣ್ಣದ ಚಿತ್ರಗಳು ಅದರಲ್ಲಿವೆ. ನಂದಲಾಲ ಬೋಸ್, ಅಸಿತಕುಮಾರ ಹಾಲದಾರ್, ಕ್ಷಿತೀಂದ್ರನಾಥ ಮಜುಮದಾರ್ ಮೊದಲಾದ ಬಂಗಾಳಿಗಳ ನಡುವೆ ಮೈಸೂರಿನವರೊಬ್ಬರಿದ್ದಾರೆ, ಅವರೇ ಕೆ. ವೆಂಕಟಪ್ಪ. ರಾಮಾಯಣದ ಭಾಗದಲ್ಲಿ ಅವರ ಕೈಕೆಲಸ ಎದ್ದು ಕಾಣುತ್ತದೆ. ಗಾತ್ರ, ಮುದ್ರಣ, ಮಾರುಕಟ್ಟೆ ಎಲ್ಲದರಲ್ಲಿಯೂ ಇದು ರ್ಯಾಕಂ, ಡುಲಾಕರ ಪುಸ್ತಕಗಳ ಸಾಲಿಗೇ ಸೇರಿದ್ದು. ಹಾಗಾದರೆ ಇಂಗ್ಲೆಂಡಿನ ಆ ಸುವರ್ಣಯುಗದ ಪಂಕ್ತಿಯಲ್ಲಿ ಕನ್ನಡನಾಡಿನ ಚಿತ್ರಗಾರನಿಗೂ ಒಂದು ಎಲೆ ಹಾಕಿತ್ತು ಎಂದಾಯಿತು. ಈ ಸಂಗತಿ ಕನ್ನಡದ ಮನೆಗಳಲ್ಲಿ ಇನ್ನೂ ಸಾಕಷ್ಟು ತಿಳಿದಿಲ್ಲ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ, ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಯ ಕಲಾಶಾಲೆಗೆ ಹೋಗಿ 1916ರ ವರೆಗೆ ಅಲ್ಲಿದ್ದರು. ಅಲ್ಲಿ ಅವರಿಗೆ ದೊರೆತ ಪಾಠ ಒಂದೇ ನೆಲದ್ದಲ್ಲ. ಅಜಂತೆಯ ಗೆರೆ, ಮೊಗಲರ ಕಿರುಚಿತ್ರದ ಸೂಕ್ಷ್ಮತೆ ಇವುಗಳೊಡನೆ ಜಪಾನಿನ ತೊಳೆಬಣ್ಣವೂ ಅಲ್ಲಿ ಬೆರೆತಿತ್ತು. 1903ರಲ್ಲಿ ತೈಕಾನ್, ಹಿಶಿದಾ ಎಂಬ ಜಪಾನೀ ಚಿತ್ರಕಾರರು ಕಲ್ಕತ್ತೆಗೆ ಬಂದುದರ ಫಲವಿದು. ವಿನೋದವೇನೆಂದರೆ ಲಂಡನ್ನಿನ ಚಿತ್ರಕಾರರೂ ಜಪಾನಿನ ಅಚ್ಚುಚಿತ್ರಗಳಿಂದಲೇ ಬಯಲನ್ನು ಬಯಲಾಗಿ ಬಿಡುವ ವಿದ್ಯೆಯನ್ನು ಕಲಿತದ್ದು. ತುಲೂಸಿನವನು ಲಂಡನ್ನಿನಲ್ಲಿ ಕುಳಿತು ಪಾರಸಿಯವನಾದನು. ಮೈಸೂರಿನವರು ಕಲ್ಕತ್ತೆಯಲ್ಲಿ ಕುಳಿತು ಅಜಂತೆಯವರಾದರು. ಇಬ್ಬರ ಚಿತ್ರವನ್ನೂ ಅಚ್ಚುಹಾಕಿದ್ದು ಒಂದೇ ಬಗೆಯ ಮೂರು ಬಣ್ಣದ ಬ್ಲಾಕು.

ಈ ಚಿತ್ರಗಳ ಬೆಲೆ ಕಟ್ಟುವಾಗ ದೇಶಾಭಿಮಾನವನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ರಾಮನ ವಿವಾಹದಂತಹ ಚಿತ್ರದಲ್ಲಿ ಕೈ ಅಳುಕಿದೆ. ದೇವರು ಎದುರಿಗೆ ಬಂದಾಗ ಕುಂಚವು ಕೈಮುಗಿಯುತ್ತದೆ. ಕೈಮುಗಿದ ಕುಂಚದಿಂದ ಅಂದವಾದ ಚಿತ್ರ ಬರುತ್ತದೆ, ಅದ್ಭುತ ಬರುವುದಿಲ್ಲ. ಮಾರೀಚನ ವಧೆ, ರಾವಣ-ಜಟಾಯುಗಳ ಕಾಳಗ ಇಂತಹ ಕಡೆಗಳಲ್ಲಿ ಚಿತ್ರಕಾರರಿಗೆ ಉಸಿರಾಡಲು ಎಡೆ ಸಿಕ್ಕಿದೆ. ರಕ್ಕಸನನ್ನೂ ಹಕ್ಕಿಯನ್ನೂ ಪೂಜಿಸಬೇಕಾಗಿಲ್ಲವಷ್ಟೆ. ಗೋಬಲ್‌ನ ರಕ್ಕಸಿಗೆ ಇಲ್ಲದ ವಂಶಾವಳಿ ಈ ರಾವಣನಿಗಿದೆ. ಅವನು ಚಿತ್ರಗಾರರ ಬೀದಿಯಲ್ಲಿ ತಲೆಮಾರುಗಳಿಂದ ಬೆಳೆದುಬಂದವನು. ಆದರೂ ಒಂದು ಕೊರತೆ ಉಳಿಯುತ್ತದೆ. ದಂಡಕಾರಣ್ಯ ಎಲ್ಲಿ? ಬಂಗಾಳದ ಪಂಥದ ಪದ್ಧತಿಯಂತೆ ಹಿನ್ನೆಲೆಯು ತೊಳೆದ ಬಣ್ಣದಲ್ಲಿ ಕರಗಿಹೋಗಿದೆ. ರ್ಯಾಕಂನಲ್ಲಿ ಕಾಡೇ ಕಥೆ ಹೇಳುತ್ತದೆ; ಇಲ್ಲಿ ಕಥೆಯು ಕಾಡಿಲ್ಲದೆ ನಡೆಯುತ್ತದೆ.

ಇದು ವೆಂಕಟಪ್ಪನವರ ಕೈಲಾಗದ ಕೆಲಸವಾಗಿರಲಿಲ್ಲ. ಮೈಸೂರಿಗೆ ಹಿಂದಿರುಗಿದ ಬಳಿಕ, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿ, ಉಬ್ಬುಶಿಲ್ಪಗಳನ್ನೂ ರಚಿಸಿದ ಅವರು ಊಟಿ, ಕೊಡೈಕನಾಲುಗಳ ನೀರುಬಣ್ಣದ ದೃಶ್ಯಗಳಲ್ಲಿ ಬೆಟ್ಟದ ಮಂಜು, ಮರ, ಮಳೆಯ ಬೆಳಕುಗಳನ್ನು ಹಿಡಿದ ಬಗೆ ಅಸಾಧಾರಣವಾದುದು. ಆ ಮಂಜಿನೊಳಗೆ ಒಂದು ಮಾಯಾಮೃಗ ಸುಳಿದುಹೋಗಿದ್ದರೆ! ಆದರೆ ಅಷ್ಟರಲ್ಲಿ ಅವರು ಕಥೆಯನ್ನು ಬಿಟ್ಟಿದ್ದರು. ಕಥೆಯಿದ್ದಾಗ ಕಾಡಿರಲಿಲ್ಲ, ಕಾಡು ಬಂದಾಗ ಕಥೆಯಿರಲಿಲ್ಲ. ಕನ್ನಡದ ಮಕ್ಕಳ ಪಾಲಿಗೆ ಇದೊಂದು ದೊಡ್ಡ ನಷ್ಟವೆಂದೇ ಹೇಳಬೇಕು. ಅದಲ್ಲದೆ 1913ರ ಆ ಗ್ರಂಥವೂ ಕನ್ನಡದ ಮಗುವಿಗಾಗಿ ಹುಟ್ಟಿದ್ದಲ್ಲ. ಇಂಗ್ಲಿಷ್ ಬಲ್ಲ, ಕಾಸುಳ್ಳ ಮನೆಗಳಿಗಾಗಿ ಲಂಡನ್ನಿನಲ್ಲಿ ಹುಟ್ಟಿದ್ದು.

ಚಿತ್ರವು ಬರಲಿಲ್ಲವಾದರೂ ಮಾತು ಬಂದಿತು. ಹ್ಯಾಮೆಲಿನ್ನಿನ ಕೊಳಲುಗಾರನನ್ನು ಕುವೆಂಪು ಅವರು 1920ರ ದಶಕದಲ್ಲಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿ ಮಾಡಿದರು. ಜರ್ಮನಿಯ ಪಟ್ಟಣವು ಕನ್ನಡದ ಹಳ್ಳಿಯಾಯಿತು, ಬಣ್ಣಬಣ್ಣದ ಅಂಗಿಯ ಪರದೇಶಿಯು ಜಡೆಗಡ್ಡಗಳ ಜೋಗಿಯಾದನು, ಕೊಳಲು ಕಿಂದರಿಯಾಯಿತು. ಇದು ಬರಿಯ ಅನುವಾದವಲ್ಲ, ನೆಲವನ್ನು ಬದಲಿಸಿ ನೆಟ್ಟ ಗಿಡ. ಬ್ರೌನಿಂಗನ ಆ ಪದ್ಯಕ್ಕೆ ಗ್ರೀನ್‌ವೇಯೂ ಚಿತ್ರ ಬರೆದಳು, 1934ರಲ್ಲಿ ರ್ಯಾಕಂನೂ ಬರೆದನು. ಕುವೆಂಪು ಮಾಡಿದ ಕೆಲಸವನ್ನು ಗೆರೆಯಲ್ಲಿ ಅದೇ ಧೈರ್ಯದಿಂದ ಮಾಡುವವನು ಮಾತ್ರ ಕನ್ನಡಕ್ಕೆ ಆಗ ಸಿಕ್ಕಲಿಲ್ಲ.

ಈ ಜಿಲ್ಲೆಯ ಮಟ್ಟಿಗೆ ಸ್ಮರಿಸಬೇಕಾದವರು ಬಂಟವಾಳದ ಪಂಜೆ ಮಂಗೇಶರಾಯರು. ತುಳುವಿನ ಪಾಡ್ದನದಲ್ಲಿದ್ದ ಕೋಟಿ ಚೆನ್ನಯರ ಕಥೆಯನ್ನು ಅವರು 1924ರಲ್ಲಿ ಕನ್ನಡದ ಗದ್ಯಕ್ಕೆ ತಂದರು. ಪುತ್ತೂರಿನ ಬಳಿಯ ಪಡುಮಲೆಯಲ್ಲಿ ತೊಡಗಿ, ಪಂಜದ ಕಾಡಿನಲ್ಲಿ ಹಂದಿಯ ಬೇಟೆಗೆ ನುಗ್ಗಿ, ಎಣ್ಮೂರಿನ ಯುದ್ಧದಲ್ಲಿ ಮುಗಿಯುವ ಈ ಕಥೆಯ ಭೂಪಟ ಪೂರ್ತಿಯಾಗಿ ಪುತ್ತೂರು-ಸುಳ್ಯಗಳ ಸೀಮೆಯೊಳಗೇ ಇದೆ. ನೆಟ್ಟಣದಿಂದ ಪಂಜ, ಎಣ್ಮೂರುಗಳು ದೂರವೇನಲ್ಲ. ಚಿತ್ರಕಾರನಿಗೆ ಇಂತಹ ಗಣಿ ಬೇರೊಂದಿಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದುದು ಸಾಹಸದ ಕೆಲಸ, ಆದರೆ ಅವರ ಉದ್ದೇಶ ಮಕ್ಕಳಿಗೆ ಪ್ರಪಂಚವನ್ನು ಇದ್ದಂತೆ ತೋರಿಸುವುದು. ಕಾರಂತರಿಗೆ ಭೂತಕ್ಕಿಂತ ಕಪ್ಪೆ ಹೆಚ್ಚು ಆಶ್ಚರ್ಯಕರವಾಗಿ ಕಂಡಿದ್ದರೆ ಅದು ಅವರ ಮನೋಧರ್ಮ.

1949ರಲ್ಲಿ ಮದರಾಸಿನಿಂದ ‘ಚಂದಮಾಮ’ದ ಕನ್ನಡ ಆವೃತ್ತಿ ಬರತೊಡಗಿದ ಮೇಲೆ ಅದ್ಭುತದ ಚಿತ್ರಕ್ಕೆ ಮನೆಮನೆಯಲ್ಲಿ ಬಾಗಿಲು ತೆರೆಯಿತು. ಮೈಸೂರಿನ ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಚಿತ್ರಗಳು, ಶಂಕರ್ ಅವರ ಬೇತಾಳವನ್ನು ಹೊತ್ತ ವಿಕ್ರಮ, ಇವುಗಳನ್ನು ಕಂಡು ಬೆಳೆಯದ ಓದುಬರಹದ ಮನೆ ಕಡಮೆ. ಆ ಪತ್ರಿಕೆ ಈಗ ನಿಂತುಹೋಗಿದೆ; ಅದರ ಉಪಕಾರವನ್ನು ಸ್ಮರಿಸಿಕೊಂಡೇ ಒಂದು ಮಾತನ್ನು ಹೇಳಬೇಕು. ಹಲವು ಭಾಷೆಗಳಿಗೆ ಒಂದೇ ಚಿತ್ರ ಸಲ್ಲಬೇಕಾಗಿದ್ದುದರಿಂದ ಅದರ ಕಾಡು ಯಾವ ಊರಿನ ಕಾಡೂ ಆಗಲಿಲ್ಲ. ಎಲ್ಲರ ಕಾಡಾಗಬೇಕಾದದ್ದು ಯಾರ ಕಾಡೂ ಆಗದೆ ಉಳಿಯುವುದು ಸಹಜ.

ಹೀಗಿರಲಾಗಿ, ಇಲ್ಲಿಯ ಕಾಡು ಪುಟಕ್ಕೆ ಏಕೆ ಬರಲಿಲ್ಲ? ಬಡತನ, ಬ್ಲಾಕಿನ ಖರ್ಚು, ಸಣ್ಣ ಪೇಟೆ ಎಂಬ ಕಾರಣಗಳನ್ನು ಹೇಳುವುದುಂಟು. ಅವು ಸುಳ್ಳಲ್ಲ. ಆದರೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಕಲ್ಲಚ್ಚು 1841ರಲ್ಲೇ ಬಂದಿತ್ತು. ಗೆರೆಯ ಚಿತ್ರಕ್ಕೆ ಮೂರು ಬಣ್ಣವೂ ಬೇಕಾಗಿಲ್ಲ. ಇನ್ನೊಂದು ಕಾರಣವಿದೆ, ಅದು ಇನ್ನೂ ಆಳದ್ದು. ರ್ಯಾಕಂ ತನ್ನ ಬೇರುಗಳಲ್ಲಿ ಕುಳ್ಳರನ್ನು ಕೂರಿಸುವ ಹೊತ್ತಿಗೆ ಲಂಡನ್ನಿನಲ್ಲಿ ಆ ಕುಳ್ಳರಿಗೆ ಹೆದರುವವರು ಇರಲಿಲ್ಲ. ನಂಬಿಕೆಯು ಆರಿದ ಮೇಲೆ ಉಳಿದ ಬೂದಿಯಲ್ಲಿ ಅವನು ಆಟವಾಡಿದನು. ತುಳುನಾಡಿನಲ್ಲಿ ಬೆಂಕಿ ಆರಿಲ್ಲ. ಮರದ ಬುಡದ ಕಲ್ಲು ಇಲ್ಲಿ ಚಿತ್ರವಿಷಯವಲ್ಲ, ಗುಳಿಗನ ಸಾನಿಧ್ಯ. ನಾಗಬನದ ಹೆಣೆದ ಬೇರುಗಳಲ್ಲಿ ಮುಖವನ್ನು ಕಲ್ಪಿಸಹೊರಟವನ ಕೈ ತಾನಾಗಿ ನಿಲ್ಲುತ್ತದೆ. ಕೋಟಿ ಚೆನ್ನಯರು ಕಥೆಯ ಹುಡುಗರು ಮಾತ್ರವಲ್ಲ, ಗರಡಿಗಳಲ್ಲಿ ಪೂಜೆಗೊಳ್ಳುವ ಬೈದ್ಯರು. ಹಾಗಾಗಿ ಈ ನಾಡಿನ ಚಿತ್ರಕಾರನಿಗೆ ಎರಡೇ ದಾರಿ ಕಂಡವು: ಗೋಡೆಗೆ ತೂಗುಹಾಕುವ ಭಕ್ತಿಚಿತ್ರ, ಇಲ್ಲವೆ ಹೊರದೇಶದ ಕುಳ್ಳ.

ಮೂರನೆಯ ದಾರಿಯಿಲ್ಲವೆಂದು ತಿಳಿಯುವುದು ತಪ್ಪು. ಅದು ರಾತ್ರಿಯ ಆಟದಲ್ಲಿ ತಲೆಮಾರುಗಳಿಂದಲೂ ಕಣ್ಣೆದುರಿಗೇ ಇದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷವು ರಂಗಕ್ಕೆ ಬರುವ ಕ್ರಮವನ್ನು ನೆನೆದುಕೊಳ್ಳಬೇಕು. ಮೊದಲು ಇಬ್ಬರು ಹಿಡಿದ ತೆರೆ. ತೆರೆಯ ಹಿಂದಿನಿಂದ ಆರ್ಭಟ. ಮೇಲಂಚಿನಲ್ಲಿ ಕಿರೀಟದ ತುದಿ. ಬೆಳಕಿಗೆ ಒಮ್ಮೆ ಮಿಂಚಿ ಮರೆಯಾದ ಕೈ. ಚೆಂಡೆಯ ಪೆಟ್ಟು ಏರುತ್ತದೆ. ತೆರೆ ಸರಿದಾಗ ಅಕ್ಕಿಹಿಟ್ಟಿನ ಚುಟ್ಟಿಯ ಮುಳ್ಳುಗಳು ಸಾಲುಗಟ್ಟಿದ, ಕೆಂಪು ಕಪ್ಪುಗಳ ಆ ಮುಖ. ಮಡಿಲಲ್ಲಿ ಅರೆನಿದ್ದೆಯಲ್ಲಿದ್ದ ಮಗು 51 ಚಿತ್ರಗಳ ಪುಸ್ತಕವನ್ನು ಕಾಣದಿದ್ದರೂ ಅದರ ರಹಸ್ಯವನ್ನೆಲ್ಲ ಇಲ್ಲಿ ಕಂಡಿತು. ಲಂಡನ್ನಿನ ಪುಸ್ತಕದ ತೆಳುಹಾಳೆಯೂ ಈ ತೆರೆಯೂ ಮಾಡುವ ಕೆಲಸ ಒಂದೇ. ಇಲ್ಲಿ ರಾವಣನಿಗೆ ಯಾರೂ ಆರತಿ ಎತ್ತುವುದಿಲ್ಲ, ಆದರೂ ಎಲ್ಲರೂ ಬೆಚ್ಚುತ್ತಾರೆ. ಬೆಚ್ಚಿದ ಮರುಕ್ಷಣ ಅವನ ಮಾತಿಗೆ ನಗುತ್ತಾರೆ. ಭಯಕ್ಕೂ ಆಟಕ್ಕೂ ನಡುವಿನ ಆ ಜಾಗವನ್ನು ಈ ನಾಡು ರಂಗದಲ್ಲಿ ಎಂದೋ ಸಾಧಿಸಿದೆ, ಪುಟದಲ್ಲಿ ಸಾಧಿಸಿಲ್ಲ.

ಆದರೆ ಬಣ್ಣದ ವೇಷವನ್ನು ಇದ್ದಂತೆ ನಕಲು ಮಾಡಿ ಕಾಗದಕ್ಕಿಳಿಸಿದರೆ ಕೆಲಸವಾಗದು. ಅಂತಹ ಚಿತ್ರಗಳು ಕ್ಯಾಲೆಂಡರುಗಳಲ್ಲಿಯೂ ಆಮಂತ್ರಣ ಪತ್ರಗಳಲ್ಲಿಯೂ ಬೇಕಾದಷ್ಟಿವೆ. ಅವು ನಟನ ಚಿತ್ರಗಳೇ ಹೊರತು ರಕ್ಕಸನ ಚಿತ್ರಗಳಲ್ಲ. ಪಂಜದ ಕಾಡಿನಲ್ಲಿ ರಕ್ಕಸನು ಕಿರೀಟವಿಟ್ಟುಕೊಂಡು ತಿರುಗುವುದಿಲ್ಲ. ಚುಟ್ಟಿಯ ಸಾಲನ್ನು ಬೆತ್ತದ ಬಳ್ಳಿಯ ಮುಳ್ಳಿನ ಸಾಲಾಗಿ, ಮುಖದ ಕೆಂಪನ್ನು ಮಳೆಗಾಲದ ಕೊರಕಲಿನ ಕೆಮ್ಮಣ್ಣಾಗಿ ಕಾಣುವ ಕಣ್ಣು ಬೇಕು. ಗೋಳಿಯ ಬೀಳಲಿನಲ್ಲಿ ಅಣಿಯ ರೇಖೆಯನ್ನು, ಒಣಗಿಬಿದ್ದ ಅಡಕೆಯ ಹಾಳೆಯಲ್ಲಿ ಮುಗದ ಕಣ್ಣನ್ನು ಗುರುತಿಸಬಲ್ಲವನು ದೈವದ ಚಿತ್ರವನ್ನು ಬರೆಯಬೇಕಾಗಿಯೇ ಇಲ್ಲ. ಹಾಗೆ ಮಾಡಿದರೆ ಸಾನಿಧ್ಯಕ್ಕೂ ಅಪಚಾರವಿಲ್ಲ; ಕಾಡು ಮಾತ್ರ ಎಚ್ಚರಗೊಳ್ಳುತ್ತದೆ. ಪೂಜೆಗೊಳ್ಳುವವರನ್ನು ಗೌರವದಿಂದ ದೂರದಲ್ಲಿ ಬಿಟ್ಟು ಹಂದಿ, ನಾಯಿ, ಮರ, ಹೊಳೆ, ಕತ್ತಲೆಗಳಿಂದ ತೊಡಗಬಹುದು. ಹಿರಿಯರಲ್ಲಿ ಕೆಲವರು ಇದಕ್ಕೂ ಹುಬ್ಬು ಗಂಟಿಕ್ಕಿಯಾರು. ಪಂಜೆಯವರು ಪಾಡ್ದನವನ್ನು ಗದ್ಯಕ್ಕೆ ತಂದು ಶತಮಾನ ಕಳೆದಿದೆ. ಗರಡಿಗಳ ಗೌರವ ಅದರಿಂದ ಕುಂದಲಿಲ್ಲವೆಂಬುದನ್ನು ಅವರಿಗೆ ನೆನಪಿಸಬಹುದು.

ಮಾಡತಕ್ಕ ಕೆಲಸಗಳಲ್ಲಿ ಒಂದು ತಕ್ಷಣಕ್ಕೆ ಸಾಧ್ಯವಾದುದು. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಭಾರತದ ಕಾನೂನಿನಂತೆ ಕಲಾವಿದನ ಕೃತಿಸ್ವಾಮ್ಯವು ಮರಣಾನಂತರ 60 ವರ್ಷಗಳದು. ಆ ಲೆಕ್ಕ 2025ರ ಕೊನೆಗೆ ತುಂಬುತ್ತದೆ. 1913ರ ಆ ರಾಮಾಯಣ ಚಿತ್ರಗಳನ್ನು ಒಳ್ಳೆಯ ಕಾಗದದಲ್ಲಿ, ಕನ್ನಡದ ಮಾತಿನೊಡನೆ, ಮಕ್ಕಳ ಕೈಗೆ ನಿಲುಕುವ ಬೆಲೆಗೆ ಕೊಡುವವರು ಯಾರಾದರೂ ಮುಂದೆ ಬರಬೇಕು. ಎರಡನೆಯ ಕೆಲಸ ಹೊಸ ಕೈಗಳದು: ಪಂಜೆಯವರ ಕೋಟಿ ಚೆನ್ನಯರಿಗೆ ಚಿತ್ರಗಳು.

ಮೊದಲನೆಯ ಚಿತ್ರಕ್ಕೆ ವೀರರನ್ನು ಕಾಯಬೇಕಾಗಿಲ್ಲ. ಅವರು ಹುಟ್ಟುವುದಕ್ಕೆ ಮುಂಚೆ, ಅವರ ತಾಯಿ ದೇಯಿಯನ್ನು ಎಳೆಯ ಹುಡುಗಿಯಾಗಿದ್ದಾಗ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟುಬಂದರೆಂದು ಪಾಡ್ದನ ಹೇಳುತ್ತದೆ. ಕಟ್ಟಿದ ಕಣ್ಣಿನ ಹುಡುಗಿ ಪುಟದ ಕೆಳಗಿನ ಮೂಲೆಯಲ್ಲಿ ಸಣ್ಣಗೆ ನಿಂತಿರಲಿ. ಉಳಿದ ಪುಟವೆಲ್ಲ ಮರಗಳು. ಅವಳು ಅವುಗಳನ್ನು ಕಾಣಳು. ಅವು ಅವಳನ್ನು ಕಾಣುತ್ತಿವೆಯೋ ಇಲ್ಲವೋ ಎಂಬುದನ್ನು ಚಿತ್ರಕಾರನು ತೊಗಟೆಯ ಗೆರೆಗಳಲ್ಲಿ ಹೇಳದೆ ಹೇಳಬೇಕು.